ದೇವರಾಯನದುರ್ಗದಿಂದ ಲಾಲ್‌ಬಾಗ್‌ಗೆ: ಶಾಲಾ ಪ್ರಾಜೆಕ್ಟಿಗೆ ಹೂ ಹುಡುಕುತ್ತಾ

ಕಾಡು ಹೂ ಮತ್ತು ತೋಟದ ಹೂ ಎರಡನ್ನೂ ಒಂದೇ ದಿನ ನೋಡಬೇಕೆಂದರೆ ಕಾಡಿಗೆ ಮೊದಲು ಹೋಗಬೇಕು. ಹೆಚ್ಚಿನವರು ಬೆಳಿಗ್ಗೆ ಲಾಲ್‌ಬಾಗ್ ಸುತ್ತಿ, ತಿಂಡಿ ಮುಗಿಸಿ, ಮಧ್ಯಾಹ್ನಕ್ಕೆ ತುಮಕೂರಿನ ಹತ್ತಿರದ ದೇವರಾಯನದುರ್ಗದ ಬೆಟ್ಟ ತಲುಪುತ್ತಾರೆ. ಅಷ್ಟು ಹೊತ್ತಿಗೆ ಕನ್ನೆ ಸೊಪ್ಪಿನ ನೀಲಿ ದಳಗಳು ಮುದುಡಿರುತ್ತವೆ, ವಿಷ್ಣುಕ್ರಾಂತಿ ಕಣ್ಣಿಗೇ ಬೀಳುವುದಿಲ್ಲ. ತೋಟದ ದಾಸವಾಳವೋ ಕಾಗದದ ಹೂವೋ ಸಂಜೆಯವರೆಗೂ ಕಾಯುತ್ತದೆ. ಹಾಗಾಗಿ ಬೆಂಗಳೂರಿನಿಂದ ಕತ್ತಲಿರುವಾಗಲೇ ಹೊರಟು, ಸುಮಾರು 70 ಕಿ.ಮೀ. ದೂರದ ದೇವರಾಯನದುರ್ಗವನ್ನು ಎಂಟು ಗಂಟೆಯೊಳಗೆ ಮುಟ್ಟುವುದು ಒಳ್ಳೆಯದು. ಗೌರಿ ಹಬ್ಬದಿಂದ ದೀಪಾವಳಿಯವರೆಗಿನ ದಿನಗಳು ಇದಕ್ಕೆ ಹೇಳಿ ಮಾಡಿಸಿದಂತಿರುತ್ತವೆ. ಮಳೆ ಹದವಾಗಿ ಬಿದ್ದಿರುತ್ತದೆ, ಒಂದೇ ಗಿಡದಲ್ಲಿ ಮೊಗ್ಗು, ಹೂ, ಕಾಯಿ ಮೂರೂ ಸಿಗುತ್ತವೆ.

ಸಾಮಾನು ಕಡಿಮೆ ಸಾಕು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಡಚುವ ಲೆನ್ಸ್, 15 ಸೆಂ.ಮೀ. ಸ್ಕೇಲು, ಪೆನ್ಸಿಲು, ಗಟ್ಟಿ ರಟ್ಟಿನ ನೋಟ್‌ಬುಕ್ಕು, ಮೊಬೈಲು. ಪೆನ್ನಿನ ಬದಲು ಪೆನ್ಸಿಲ್ ಯಾಕೆಂದರೆ ಒದ್ದೆ ಕೈ ತಾಗಿದರೂ ಅದರ ಬರಹ ಹರಡುವುದಿಲ್ಲ.

ಮೊದಲ ನಿಲುಗಡೆ ನಾಮದ ಚಿಲುಮೆ. ರಾಮ ಬಾಣ ಹೂಡಿ ಬಂಡೆಯಿಂದ ನೀರು ಚಿಮ್ಮಿಸಿದ ಜಾಗವೆಂಬ ನಂಬಿಕೆಯ ಈ ಬುಗ್ಗೆಯ ಬಳಿ ಜಿಂಕೆವನವೂ ಔಷಧಿ ಸಸ್ಯಗಳ ತೋಟವೂ ಇವೆ. ಸುತ್ತಲಿರುವುದು ಕಾಯ್ದಿಟ್ಟ ಅರಣ್ಯ. ಇಲ್ಲಿ ಹೂ ಕೀಳುವಂತಿಲ್ಲ. ಶಾಲೆಯವರು ಒಣಹೂವಿನ ಹಾಳೆ ಕೇಳಿದ್ದರೆ ಅದಕ್ಕೆ ಬೇಕಾದ ಮಾದರಿಯನ್ನು ಮನೆಯ ಅಂಗಳದಿಂದಲೋ ಸ್ವಂತ ಹೊಲದ ಬದುವಿನಿಂದಲೋ ತರಬೇಕು. ಕಾಡಿನಿಂದ ಚಿತ್ರ ಮತ್ತು ಟಿಪ್ಪಣಿ ಮಾತ್ರ ಬರಬೇಕು.

ಚಿತ್ರ ತೆಗೆಯುವಾಗಲೇ ಅರ್ಧ ಕೆಲಸ ಕೆಡುವುದು. ಹೂವಿನ ಮುಖವನ್ನಷ್ಟೇ ಹತ್ತಿರದಿಂದ ಹಿಡಿದು ಚಿತ್ರ ನೋಡಿ ಗಿಡದ ಹೆಸರು ಹೇಳುವ ಗೂಗಲ್ ಲೆನ್ಸ್, ಐನ್ಯಾಚುರಲಿಸ್ಟ್‌ನಂಥ ಆ್ಯಪ್‌ಗೆ ಕೊಟ್ಟರೆ, ಹಳದಿ ಹೂವೆಂದ ಕೂಡಲೇ ಅದು ನಾಲ್ಕಾರು ಹೆಸರು ಮುಂದಿಡುತ್ತದೆ. ಪ್ರತಿ ಗಿಡಕ್ಕೂ ಐದು ಚಿತ್ರ ಬೇಕು: ಸ್ಕೇಲ್ ಪಕ್ಕದಲ್ಲಿಟ್ಟು ಇಡೀ ಗಿಡ, ಕಾಂಡಕ್ಕೆ ಎಲೆ ಕೂಡುವ ಜಾಗ, ಹೂವಿನ ಮುಖ, ಹೂವಿನ ಬೆನ್ನು, ಕಾಯಿ. ಬೆನ್ನಿನ ಚಿತ್ರ ಬಿಟ್ಟವರೇ ಹೆಚ್ಚು, ಆದರೆ ದಳಗಳ ಬುಡದ ಹಸಿರು ಬಟ್ಟಲು, ಅಂದರೆ ಪುಷ್ಪಪಾತ್ರೆ, ಕಾಣುವುದು ಅಲ್ಲೇ.

ಬೆಟ್ಟದ ದಾರಿಬದಿಯ ತಂಗಡಿಯನ್ನೇ ನೋಡಿ. ಆವರಿಕೆ ಎಂದೂ ಕರೆಯುವ ಈ ಪೊದೆಯ ಹಳದಿ ಹೂವಿಗೂ ತಗಚೆಯ ಹಳದಿ ಹೂವಿಗೂ ಬಣ್ಣದಲ್ಲಿ ಅಂತರ ಕಡಿಮೆ. ಎಲೆಯ ತೊಟ್ಟಿನ ಬುಡಕ್ಕೆ ಕಣ್ಣು ಹಾಯಿಸಿದರೆ ತಂಗಡಿಯಲ್ಲಿ ದುಂಡಗಿನ, ಅಗಲವಾದ, ಪುಟ್ಟ ಎಲೆಯಂಥ ಎರಡು ಹಸಿರು ಪತ್ರಕಗಳು ಕಿವಿಯ ಹಾಗೆ ಅಂಟಿಕೊಂಡಿರುತ್ತವೆ. ಅದರ ವೈಜ್ಞಾನಿಕ ಹೆಸರಿನ ‘ಆರಿಕ್ಯುಲೇಟಾ’ ಬಂದದ್ದು ಈ ಕಿವಿಯಿಂದಲೇ. ಕಿರುಎಲೆಗಳು ಎಂಟರಿಂದ ಹನ್ನೆರಡು ಜೋಡಿ, ಪ್ರತಿ ಜೋಡಿಯ ನಡುವೆ ಸಣ್ಣ ಗ್ರಂಥಿ. ತಗಚೆಗೆ ಸಾಮಾನ್ಯವಾಗಿ ಮೂರೇ ಜೋಡಿ. ಲೆನ್ಸ್ ಹಿಡಿದು ಕೇಸರಗಳನ್ನೂ (ಹೂವಿನ ಪರಾಗದ ಎಳೆಗಳನ್ನು) ಎಣಿಸಿ: ತಂಗಡಿಯಲ್ಲಿ ಹತ್ತು, ಆದರೆ ಹತ್ತೂ ಒಂದೇ ಅಳತೆಯವಲ್ಲ. ಮೇಲಿನ ಮೂರು ಬರಡು, ಕೆಳಗಿನವು ಉದ್ದ.

ಅಲ್ಲಿಂದ ನೆಲಕ್ಕೆ ಬಾಗಬೇಕು. ಹುಲ್ಲಿನ ಸಂದಿಯಲ್ಲಿ ತುಂಬೆ ಸಿಗುತ್ತದೆ. ಶಿವನಿಗೆ ಪ್ರಿಯವಾದ ಈ ಬಿಳಿ ಹೂ ಯಾವ ಮಗುವಿಗೂ ಹೊಸದಲ್ಲ, ಆದರೆ ಕಾಂಡವನ್ನು ಎರಡು ಬೆರಳ ನಡುವೆ ಹೊರಳಿಸಿ ನೋಡಿದವರು ಕಡಿಮೆ. ನಾಲ್ಕು ಮೂಲೆ ಕೈಗೆ ತಾಗುತ್ತವೆ. ಎಲೆಗಳು ಎದುರುಬದುರು. ಹೂವಿಗೆ ಎರಡು ತುಟಿ: ಮೇಲಿನದು ರೋಮ ತುಂಬಿದ ಮುಸುಕು, ಕೆಳಗಿನದು ಅಗಲ. ಇವೆಲ್ಲ ತುಳಸಿ ಕುಟುಂಬದ ಗುರುತುಗಳು. ಆದರೆ ನಾಲ್ಕು ಮೂಲೆಯ ಕಾಂಡ ಒಂದನ್ನೇ ನಂಬಿದರೆ ಮುಂದಿನ ಪೊದೆಯಲ್ಲೇ ಎಡವುತ್ತೇವೆ. ಲಂಟಾನದ ಕಾಂಡಕ್ಕೂ ನಾಲ್ಕು ಮೂಲೆ, ಎಲೆಗಳೂ ಎದುರುಬದುರು, ಕುಟುಂಬ ಮಾತ್ರ ಬೇರೆ. ಅನುಮಾನ ಬಂದಾಗ ಕಾಯಿ ನೋಡಬೇಕು. ತುಂಬೆಯ ಒಣ ಪುಷ್ಪಪಾತ್ರೆಯೊಳಗೆ ನಾಲ್ಕು ಪುಟ್ಟ ಗಟ್ಟಿಕಾಯಿ, ಲಂಟಾನದಲ್ಲಿ ರಸತುಂಬಿದ ಕಪ್ಪು ಹಣ್ಣು. ಲಂಟಾನದ ಗೊಂಚಲಿನಲ್ಲಿ ಹಳದಿ, ಗುಲಾಬಿ ಎರಡೂ ಇರುವುದನ್ನು ಕಂಡು ಎರಡು ಜಾತಿ ಎಂದು ಬರೆಯುವ ಮಕ್ಕಳೂ ಇದ್ದಾರೆ. ಹೊಸದಾಗಿ ಅರಳಿದ ಹೂ ಹಳದಿ, ವಯಸ್ಸಾದಂತೆ ಬಣ್ಣ ತಿರುಗುತ್ತದೆ. ಗೊಂಚಲಿನ ಅಂಚಿನಲ್ಲಿರುವವೇ ಮೊದಲು ಅರಳಿದವು.

ಒದ್ದೆ ಜಾಗದ ಕನ್ನೆ ಸೊಪ್ಪಿನ ಹತ್ತಿರ ಸ್ವಲ್ಪ ಹೊತ್ತು ಕುಳಿತರೆ ಮೋಸವಿಲ್ಲ. ಮೂರು ದಳಗಳಲ್ಲಿ ಮೇಲಿನೆರಡು ಅಗಲವಾಗಿ ನೀಲಿ, ಮೂರನೆಯದು ಚಿಕ್ಕದು. ಕಾಂಡವನ್ನು ಸುತ್ತಿದ ಎಲೆಬುಡದ ಒರೆಯ ಬಾಯಲ್ಲಿ ಕೆಂಪು ರೋಮಗಳಿದ್ದರೆ ಅದು ಕೊಮ್ಮೆಲಿನಾ ಬೆಂಗಾಲೆನ್ಸಿಸ್. ಈ ಗಿಡ ಮಣ್ಣಿನೊಳಗೂ ಹೂ ಬಿಡುತ್ತದೆ. ಬಿಳಿಚಿಕೊಂಡ ನೆಲದಡಿಯ ಕವಲಿನಲ್ಲಿ ಅರಳದೆಯೇ ಪರಾಗಸ್ಪರ್ಶ ಮುಗಿಸಿ ಬೀಜ ಕಟ್ಟುವ ಹೂಗಳವು. ಮನೆಯ ಕುಂಡದಲ್ಲಿ ಕಳೆಯಾಗಿ ಎದ್ದ ಗಿಡವನ್ನು ಬೇರುಸಮೇತ ಮೆಲ್ಲಗೆ ಎತ್ತಿ ತೊಳೆದರೆ ಇದು ಕಾಣುತ್ತದೆ. ಪ್ರಾಜೆಕ್ಟಿನಲ್ಲಿ ಒಂದು ಪುಟ ಪೂರ್ತಿ ಇದಕ್ಕೇ ಮೀಸಲಿಡಬಹುದು.

ಬೇಲಿಯ ಮೇಲೆ ಹಬ್ಬಿದ ಅಗ್ನಿಶಿಖೆ ಎಲ್ಲರನ್ನೂ ಕರೆಯುತ್ತದೆ. ಆರು ಅಲೆಯಂಚಿನ ದಳಗಳು ಹಿಂದಕ್ಕೆ ಮಡಚಿ, ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗುತ್ತವೆ. ಎಲೆಯ ತುದಿಯೇ ಸುರುಳಿಯಾಗಿ ಆಸರೆ ಹಿಡಿಯುತ್ತದೆ, ಹೂವಿನ ಹೆಣ್ಣುಭಾಗದ ಕಡ್ಡಿಯಾದ ಶಲಾಕೆ ಬುಡದಲ್ಲೇ ಪಕ್ಕಕ್ಕೆ ಲಂಬಕೋನದಲ್ಲಿ ಬಾಗಿರುತ್ತದೆ. ಇದನ್ನು ನೋಡಬೇಕೇ ಹೊರತು ಮುಟ್ಟಬಾರದು. ಗಿಡದ ಎಲ್ಲ ಭಾಗಗಳಲ್ಲೂ ಕೊಲ್ಚಿಸಿನ್ ಎಂಬ ವಿಷವಿದೆ, ಗೆಡ್ಡೆಯಲ್ಲಂತೂ ಪ್ರಾಣಕ್ಕೇ ಕುತ್ತು ತರುವಷ್ಟು. ಎಕ್ಕದ ಹಾಲು ಕಣ್ಣಿಗೆ ತಾಗಬಾರದು, ಉಮ್ಮತ್ತಿ ಮತ್ತು ಕಣಗಿಲೆಯ ಯಾವ ಭಾಗವೂ ಬಾಯಿಗೆ ಹೋಗಬಾರದು, ಕಾಂಗ್ರೆಸ್ ಗಿಡ ಚರ್ಮಕ್ಕೆ ತುರಿಕೆ ತರುತ್ತದೆ. ಹೊರಡುವ ಮೊದಲೇ ಮಕ್ಕಳಿಗೆ ಈ ಐದರ ಚಿತ್ರ ತೋರಿಸಿರಬೇಕು.

ಭೋಗನರಸಿಂಹನ ಗುಡಿಯಿಂದ ಮೇಲೆ ಯೋಗನರಸಿಂಹನವರೆಗೂ ಮಂಗಗಳ ಕಾಟವಿದೆ. ತಿಂಡಿಯ ಕವರು ಹೊರಗೆ ಕಾಣದಿರಲಿ. ಬಿಸಿಲೇರುವ ಮೊದಲು ಬಂಡೆಯ ಅಂಚಿನ ಹುಲ್ಲಿನಲ್ಲಿ ವಿಷ್ಣುಕ್ರಾಂತಿ ಹುಡುಕಿ: ನೆಲಕ್ಕೆ ಒರಗಿದ ಗಿಡ, ರೇಷ್ಮೆಯಂಥ ರೋಮವಿರುವ ಎಲೆ, ಉಗುರಿಗಿಂತ ಚಿಕ್ಕ ನೀಲಿ ಹೂ. ಕೆಲವರು ಇದನ್ನು ಶಂಖಪುಷ್ಪಿ ಎನ್ನುತ್ತಾರೆ, ಬೇಲಿಯ ಮೇಲಿನ ಶಂಖಪುಷ್ಪಕ್ಕೂ ಅದೇ ಹೆಸರು ಹೇಳುವವರಿದ್ದಾರೆ. ಅದಕ್ಕೇ ಹಾಳೆಯ ಮೇಲೆ ಕನ್ನಡದ ಹೆಸರಿನ ಜೊತೆ ಮೊದಲನೆಯದಕ್ಕೆ ಎವಾಲ್ವ್ಯುಲಸ್ ಆಲ್ಸಿನಾಯ್ಡಿಸ್, ಎರಡನೆಯದಕ್ಕೆ ಕ್ಲೈಟೋರಿಯಾ ಟರ್ನೇಷಿಯಾ ಎಂದು ಬರೆಯಲೇಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂ (ಒಣಸಸ್ಯಗಳ ಸಂಗ್ರಹ) ರೂಪಿಸಿರುವ ಕರ್ನಾಟಕದ ಸಸ್ಯಗಳ ಡಿಜಿಟಲ್ ಕೋಶದಲ್ಲಿ ಹೆಸರನ್ನು ತಾಳೆ ನೋಡಿಕೊಳ್ಳಬಹುದು.

ಮಧ್ಯಾಹ್ನ ಊಟ ಮುಗಿಸಿ ಹೊರಟರೆ ಸಂಜೆಗೆ ಮುನ್ನ ಲಾಲ್‌ಬಾಗ್. ಹೈದರಾಲಿ 1760ರಲ್ಲಿ ಆರಂಭಿಸಿದ ಈ ತೋಟ ಈಗ 240 ಎಕರೆ, ಎಲ್ಲವನ್ನೂ ಸುತ್ತುವ ಆಸೆ ಬೇಡ. ಆಗಸ್ಟ್ ಮತ್ತು ಜನವರಿಯ ಫಲಪುಷ್ಪ ಪ್ರದರ್ಶನದ ದಿನಗಳನ್ನೂ ತಪ್ಪಿಸಿ. ಆ ಜನಸಂದಣಿಯಲ್ಲಿ ಲೆನ್ಸ್ ಹಿಡಿಯಲು ಜಾಗ ಸಿಗುವುದಿಲ್ಲ.

ತೋಟದ ಹೂವಿನ ಕಷ್ಟವೇ ಬೇರೆ. ಹಲವು ದಳದ ಮುದ್ದೆ ದಾಸವಾಳದಲ್ಲಿ ಕೇಸರಗಳೇ ದಳಗಳಾಗಿ ಮಾರ್ಪಟ್ಟಿರುತ್ತವೆ, ಅದನ್ನು ಎಣಿಸಿ ಕುಟುಂಬ ಹುಡುಕಹೊರಟರೆ ದಾರಿ ತಪ್ಪುತ್ತದೆ. ಐದು ದಳದ ಒಂಟಿ ಸುತ್ತಿನ ದಾಸವಾಳವನ್ನೇ ಆರಿಸಿ. ಕೊಳವೆಯಂತೆ ಕೂಡಿದ ಕೇಸರಗಳು, ತುದಿಯಲ್ಲಿ ಪರಾಗ ಹಿಡಿಯುವ ಐದು ಶಲಾಕಾಗ್ರ, ಪುಷ್ಪಪಾತ್ರೆಯ ಹೊರಗೆ ಇನ್ನೊಂದು ಸುತ್ತು ಕಿರಿಯ ಹಸಿರು ಎಸಳು ಸ್ಪಷ್ಟವಾಗಿ ಕಾಣುತ್ತವೆ. ಕಾಗದದ ಹೂವಿನಲ್ಲಿ ಬಣ್ಣದ್ದೆಲ್ಲ ಎಲೆಯ ರೂಪಾಂತರ. ನಿಜವಾದ ಹೂ ಒಳಗಿರುವ ಮೂರು ಸಣ್ಣ ಕೊಳವೆಗಳು. ಚೆಂಡು ಹೂವಿನ ಒಂದು ‘ದಳ’ವನ್ನು ಮನೆಯಲ್ಲಿ ಬಿಡಿಸಿದರೆ ಬುಡದಲ್ಲಿ ಕಪ್ಪು ಕಡ್ಡಿಯಂಥ ಕಾಯಿ ಅಂಟಿರುತ್ತದೆ. ಅಂದರೆ ಆ ದಳವೇ ಒಂದು ಹೂ, ಇಡೀ ಚೆಂಡು ಒಂದು ಹೂಗೊಂಚಲು. ನಾಗಲಿಂಗದ ಮರ ಕಂಡರೆ ಬಿಡಬೇಡಿ. ಕಾಂಡದಿಂದಲೇ ಹೊರಟ ಹೂವಿನಲ್ಲಿ ಕೇಸರಗಳು ಎರಡು ಬಗೆ. ನಡುವಿನ ವರ್ತುಲದ ಪರಾಗ ಬೀಜ ಕಟ್ಟಲು, ಹೆಡೆಯಂತೆ ಬಾಗಿದ ಭಾಗದ ಪರಾಗ ಜೇನುನೊಣದ ಆಹಾರಕ್ಕೆ.

ಮನೆಯಂಗಳದಿಂದ ಆಯ್ದ ಮಾದರಿಗಳನ್ನು ಕಿತ್ತ ದಿನವೇ ಒತ್ತಬೇಕು. ಹೂ, ಎಲೆ ಎರಡೂ ಇರುವ 20–25 ಸೆಂ.ಮೀ. ರೆಂಬೆಯನ್ನು ದಿನಪತ್ರಿಕೆಯ ಮಡಿಕೆಯಲ್ಲಿ ಹರಡಿ, ಒಂದು ಎಲೆಯನ್ನು ಬೆನ್ನು ಮೇಲಾಗಿಸಿ, ಎರಡು ಹಲಗೆಯ ನಡುವೆ ಬಿಗಿದು ಕಟ್ಟಿ. ನುಣುಪು ಮ್ಯಾಗಜಿನ್ ಹಾಳೆ ತೇವ ಹೀರುವುದಿಲ್ಲ, ಅದು ಬೇಡ. ಮೊದಲ ಮೂರು ದಿನ ಪ್ರತಿದಿನ ಕಾಗದ ಬದಲಿಸದಿದ್ದರೆ ಮಳೆಗಾಲದಲ್ಲಿ ಬೂಸ್ಟು ಹಿಡಿದು ಎಲೆ ಕಪ್ಪಾಗುತ್ತದೆ. ದಾಸವಾಳದ ಲೋಳೆ ಕಾಗದಕ್ಕೆ ಅಂಟುವುದರಿಂದ ದಳದ ಕೆಳಗೂ ಮೇಲೂ ಟಿಶ್ಯೂ ಇಡಿ. ಕನ್ನೆ ಸೊಪ್ಪಿನಂಥ ರಸಭರಿತ ಗಿಡ ಒತ್ತಿದ ಮೇಲೂ ಜೀವ ಹಿಡಿದಿರುತ್ತದೆ. ಹೂವನ್ನು ಬಿಟ್ಟು ಕಾಂಡವನ್ನಷ್ಟೇ ಕುದಿನೀರಿಗೆ ಅರೆನಿಮಿಷ ಅದ್ದಿ ಒತ್ತಿದರೆ ಬೇಗ ಒಣಗುತ್ತದೆ. ಬಾಗಿಸದೆ ಎತ್ತಿದಾಗ ರೆಂಬೆ ನೆಟ್ಟಗೆ ನಿಂತರೆ ಒಣಗಿದೆ ಎಂದರ್ಥ. ಸಾಮಾನ್ಯವಾಗಿ ಒಂದು ವಾರ ಸಾಕು.

ಹಾಳೆಗೆ ಅಂಟಿಸುವಾಗ ಮೈದಾ ಗೋಂದು ಬಳಸಿದರೆ ಹುಳ ಬರುತ್ತದೆ. ತೆಳ್ಳಗೆ ಕತ್ತರಿಸಿದ ಕಾಗದದ ಪಟ್ಟಿಯಿಂದ ಕಾಂಡವನ್ನು ಮೂರು ಕಡೆ ಹಿಡಿಸಿ, ಇಲ್ಲವೇ ದಾರದಿಂದ ಹೊಲಿಯಿರಿ. ಬಲಗಡೆ ಕೆಳಮೂಲೆಯ ಚೀಟಿಯಲ್ಲಿ ಎರಡೂ ಹೆಸರು, ಕುಟುಂಬ, ಊರು, ತಾರೀಕು, ಬೆಳೆದ ಜಾಗ, ಕಿತ್ತವರ ಹೆಸರು ಇರಲಿ. ಹೂವಿನ ಬಣ್ಣವನ್ನು ಮಾತ್ರ ಗಿಡದ ಮುಂದೆ ನಿಂತಾಗಲೇ ಬರೆದುಕೊಳ್ಳಿ. ನೀಲಿ ಹೂಗಳ ಬಣ್ಣ ಒತ್ತುಹಲಗೆಯಲ್ಲಿ ಉಳಿಯುವುದು ಅಪರೂಪ, ಒಣಗಿದ ಶಂಖಪುಷ್ಪವನ್ನು ನೋಡಿ ಅದರ ಮೂಲ ಬಣ್ಣವನ್ನು ಯಾವ ಮೇಷ್ಟ್ರಿಗೂ ಹೇಳಲಾಗುವುದಿಲ್ಲ.