ಬೀಜ ಹಾಕಿದ ಮೆತ್ತನೆ ಬ್ರೆಡ್

400 ಗ್ರಾಂ ಮೈದಾಗೆ 6 ಗ್ರಾಂ ಇನ್‌ಸ್ಟಂಟ್ ಈಸ್ಟ್, 7 ಗ್ರಾಂ ಉಪ್ಪು, ಒಂದು ಚಮಚ ಸಕ್ಕರೆ, 250 ಮಿಲಿ ಉಗುರುಬೆಚ್ಚಗಿನ ಹಾಲು. ಹಾಲು ಕೈ ಸುಡುವಂತಿದ್ದರೆ ಈಸ್ಟ್ ಸತ್ತೇ ಹೋಗುತ್ತದೆ. 30 ಗ್ರಾಂ ಬೆಣ್ಣೆ ಸೇರಿಸಿ ಹತ್ತು ನಿಮಿಷ ನಾದಿ. ಮೊದಮೊದಲು ಕೈಗೆ ಅಂಟುತ್ತದೆ. ದಯವಿಟ್ಟು ಒಣಹಿಟ್ಟು ಉದುರಿಸಬೇಡಿ, ಬ್ರೆಡ್ ಗಟ್ಟಿಯಾಗುವುದೇ ಅದರಿಂದ. ಒಂದು ಚೂರು ಎಳೆದರೆ ಹರಿಯದೆ, ಬೆಳಕು ಕಾಣುವಷ್ಟು ತೆಳ್ಳಗಾಗಬೇಕು.

ಎಳ್ಳು, ಅಗಸೆ, ಸೂರ್ಯಕಾಂತಿ ಬೀಜ ಸೇರಿ 50 ಗ್ರಾಂ. ಹುರಿದು, ಅಷ್ಟೇ ನೀರಲ್ಲಿ ಅರ್ಧ ಗಂಟೆ ನೆನೆಸಿ ಕೊನೆಗೆ ಬೆರೆಸಿ. ಒಣ ಬೀಜ ಹಿಟ್ಟಿನ ತೇವ ಹೀರಿಬಿಡುತ್ತದೆ.

ಕೋಲಾರದ ಏಪ್ರಿಲ್ ಸೆಖೆಗೆ ಮುಕ್ಕಾಲು ಗಂಟೆಗೇ ಹಿಟ್ಟು ಎರಡರಷ್ಟಾಗುತ್ತದೆ. ಡಿಸೆಂಬರ್ ಚಳಿಗೆ ಒಂದೂವರೆ ಗಂಟೆಯಾದರೂ ಬೇಕು. ಟಿನ್ನಿಗೆ ಹಾಕಿ, ಮತ್ತೆ ಅಂಚಿನವರೆಗೆ ಉಬ್ಬಿದಾಗ 190 ಡಿಗ್ರಿಯಲ್ಲಿ 35 ನಿಮಿಷ. ಪೂರ್ತಿ ಆರುವ ಮುನ್ನ ಕೊಯ್ದರೆ ಒಳಗೆ ಅಂಟಂಟು.