ಕೊಮಿತಿಯಾ: ಚಿತ್ರ ಬರೆದವರ ಕೈಯಿಂದಲೇ ಕಾಮಿಕ್ಸ್ ಕೊಳ್ಳುವ ಸಂತೆ

ಕೊಮಿತಿಯಾ ಸಂತೆ ನಡೆಯುವುದು ಟೋಕಿಯೊದ ಬಿಗ್ ಸೈಟ್ ಪ್ರದರ್ಶನ ಕೇಂದ್ರದಲ್ಲಿ. ಶಿಂಬಾಶಿಯಲ್ಲಿ ಯುರಿಕಮೊಮೆ ರೈಲು ಹತ್ತಿದರೆ, ಚಾಲಕನಿಲ್ಲದ ಆ ಗಾಡಿ ರೇನ್‌ಬೋ ಸೇತುವೆ ಏರುವ ಮುಂಚೆ ಒಂದು ಪೂರ್ತಿ ಸುತ್ತು ಹೊಡೆದು, ಕೊಲ್ಲಿ ದಾಟಿ, ಇಪ್ಪತ್ತು ನಿಮಿಷ ಮೀರುತ್ತಲೇ ಟೋಕಿಯೊ ಬಿಗ್ ಸೈಟ್ ನಿಲ್ದಾಣ ಮುಟ್ಟಿಸುತ್ತದೆ. ಶಿಂಜುಕು ಕಡೆಯಿಂದ ಬರುವವರಿಗೆ ರಿಂಕಾಯ್ ಮಾರ್ಗವೇ ಸಲೀಸು. ಕೊಕುಸಾಯ್ ತೆಂಜಿಜೊದಲ್ಲಿ ಇಳಿದು ಏಳೆಂಟು ನಿಮಿಷ ನಡೆದರಾಯಿತು. ರೈಲಿನ ದುಡ್ಡು ಕಟ್ಟುವ ಸುಯಿಕಾ ಕಾರ್ಡಿಗೆ ವಾಪಸ್ ಬರುವ ದುಡ್ಡನ್ನೂ ಬೆಳಿಗ್ಗೆಯೇ ತುಂಬಿಸಿಕೊಳ್ಳಿ. ಸಂಜೆ ಇಡೀ ಸಂತೆ ಒಟ್ಟಿಗೆ ನಿಲ್ದಾಣಕ್ಕೆ ಬಂದಾಗ ಯಂತ್ರದ ಮುಂದೆ ನಿಲ್ಲುವುದು ತಪ್ಪುತ್ತದೆ.

ಕೊಮಿತಿಯಾ ಶುರುವಾದದ್ದು 1984ರಲ್ಲಿ. ಸ್ವಂತ ದುಡ್ಡಿನಲ್ಲಿ ಕಾಮಿಕ್ಸ್ ಅಚ್ಚು ಹಾಕಿಸುವವರ ಜಾತ್ರೆ ಎಂದರೆ ಹೆಚ್ಚಿನವರು 1975ರಿಂದ ನಡೆಯುತ್ತಿರುವ ಕಾಮಿಕ್ ಮಾರ್ಕೆಟ್ಟನ್ನೇ ನೆನೆಯುತ್ತಾರೆ. ಅಲ್ಲಿ ಜನಪ್ರಿಯ ಪಾತ್ರಗಳನ್ನು ಎರವಲು ಪಡೆದು ಬರೆದ ಅಭಿಮಾನಿ ಕೃತಿಗಳದೇ ದೊಡ್ಡ ಪಾಲು. ಕೊಮಿತಿಯಾದಲ್ಲಿ ಅದಕ್ಕೆ ಜಾಗವಿಲ್ಲ; ಕಥೆ, ಪಾತ್ರ ಎರಡೂ ಸ್ವಂತದ್ದೇ ಆಗಿರಬೇಕು. ಹೊಸಬರ ಕೆಲಸ ನೋಡಬೇಕೆನ್ನುವವರು ಬರಬೇಕಾದದ್ದು ಇಲ್ಲಿಗೇ. ವರ್ಷಕ್ಕೆ ನಾಲ್ಕು ಸಲ, ಒಂದೊಂದೇ ದಿನ, ಸಾಮಾನ್ಯವಾಗಿ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ನಡೆಯುತ್ತದೆ. 2020ರಲ್ಲಿ ಕೊರೊನಾದಿಂದ ಸಂತೆ ನಿಂತು ಸಂಘಟನೆಯೇ ಮುಳುಗುವ ಸ್ಥಿತಿ ಬಂದಾಗ ಓದುಗರು, ಬರೆಯುವವರು ಸೇರಿ 10 ಕೋಟಿ ಯೆನ್‌ಗೂ ಮೀರಿ ಕೂಡಿಸಿಕೊಟ್ಟರು. ಪ್ರವೇಶದ ಕ್ರಮ ಆಮೇಲೆ ಬದಲಾಗಿದೆ, ಆದ್ದರಿಂದ ಹೊರಡುವ ಮುಂಚೆ ಸಂಘಟಕರ ಪ್ರಕಟಣೆ ನೋಡಿಕೊಳ್ಳಿ.

ಒಳಗೆ ಹೋಗುವ ಮುಂಚೆ ಆಗಬೇಕಾದ ಕೆಲಸವೊಂದಿದೆ: ಚಿಲ್ಲರೆ. ಪುಸ್ತಕಗಳ ಬೆಲೆ ಹೆಚ್ಚಾಗಿ 300, 500, 1000 ಯೆನ್. (500 ಯೆನ್ ಎಂದರೆ ಸುಮಾರು 300 ರೂಪಾಯಿ.) 10,000 ಯೆನ್ ನೋಟು ಚಾಚಿದರೆ ಮೇಜಿನ ಹಿಂದಿರುವವರ ಡಬ್ಬಿ ಒಂದೇ ಏಟಿಗೆ ಖಾಲಿಯಾಗಿ, ಮುಂದಿನ ಗಿರಾಕಿಗೆ ಕೊಡಲು ಏನೂ ಉಳಿಯುವುದಿಲ್ಲ. ಹಿಂದಿನ ದಿನವೇ ಅಂಗಡಿಗಳಲ್ಲಿ ದೊಡ್ಡ ನೋಟು ಮುರಿಸಿ, ಹತ್ತು ಸಾವಿರದಷ್ಟು ಮೊತ್ತವನ್ನು ಸಾವಿರದ ನೋಟು, 500 ಮತ್ತು 100ರ ನಾಣ್ಯಗಳಾಗಿ ಜೋಡಿಸಿಕೊಳ್ಳಿ. ಮೊಬೈಲಿನಲ್ಲಿ ದುಡ್ಡು ತೆಗೆದುಕೊಳ್ಳುವ ಮೇಜುಗಳೂ ಇವೆ, ಆದರೆ ಅದನ್ನೇ ನಂಬಿ ಹೋಗಬೇಡಿ.

ಸಭಾಂಗಣದಲ್ಲಿ ಮೇಜುಗಳನ್ನು ದ್ವೀಪಗಳ ಹಾಗೆ ಜೋಡಿಸಿರುತ್ತಾರೆ. ಒಬ್ಬೊಬ್ಬರಿಗೆ ಅರ್ಧ ಮೇಜು, ಅಂದರೆ 90 ಸೆಂ.ಮೀ. ಅಗಲ. ವಿಳಾಸದಲ್ಲಿ ದ್ವೀಪಕ್ಕೆ ಒಂದು ಅಕ್ಷರ, ಮೇಜಿಗೆ ಒಂದು ಸಂಖ್ಯೆ, ಎಡ ಬಲ ಅರ್ಧಕ್ಕೆ ‘ಎ’ ಅಥವಾ ‘ಬಿ’. ಹೆಚ್ಚು ಜನ ಮುತ್ತುವವರಿಗೆ ಗೋಡೆಯ ಪಕ್ಕದ ಜಾಗ, ಸಾಲು ಹೊರಗೆ ಹರಿಯಲಿ ಎಂದು. ಇಂಥ ಸಾಲಿನ ಕೊನೆಯಲ್ಲಿ ನಿಂತವರ ಕೈಯಲ್ಲಿ ‘ಇದು ಕೊನೆ’ ಎಂಬ ಫಲಕ ಇರುತ್ತದೆ. ಅವರ ಹಿಂದೆ ನಿಂತ ತಕ್ಷಣ ಅದನ್ನು ಇಸಿದುಕೊಂಡು ಎತ್ತಿ ಹಿಡಿಯಬೇಕು, ಮುಂದಿನವರು ಬಂದಾಗ ದಾಟಿಸಬೇಕು. ಇದು ಗೊತ್ತಿಲ್ಲದವರು ಸಾಲಿನ ನಡುವೆ ಹೊಕ್ಕು ಮುಜುಗರಕ್ಕೆ ಸಿಕ್ಕಿಕೊಳ್ಳುತ್ತಾರೆ.

ಜಪಾನಿ ಓದಲು ಬಾರದವರು ಗೋಡೆಯ ಸಾಲುಗಳನ್ನು ಬಿಟ್ಟುಬಿಡಿ. ಮೊದಲ ಒಂದು ಗಂಟೆ ಮಾದರಿ ಪ್ರತಿಗಳ ಮೇಜುಗಳಿಗೆ ಮೀಸಲಿಡಿ. ಭಾಗವಹಿಸುವವರು ತಮ್ಮ ಹೊಸ ಪುಸ್ತಕದ ಒಂದು ಪ್ರತಿಯನ್ನು ಸಂಘಟಕರಿಗೆ ಕೊಟ್ಟಿರುತ್ತಾರೆ; ಅವನ್ನೆಲ್ಲ ಒಂದೆಡೆ ಹರಡಿರುತ್ತಾರೆ. ಮಾರುವವರ ಕಣ್ಣೆದುರು ನಿಂತು ಓದುವ ಸಂಕೋಚ ಇಲ್ಲಿಲ್ಲ. ಬಲಗಡೆಯಿಂದ ತೆರೆದು, ನಾಲ್ಕೈದು ಪುಟ ನಿಧಾನವಾಗಿ ನೋಡಿ, ಹಿಡಿಸಿದ್ದರ ಮೇಜಿನ ವಿಳಾಸ ಬರೆದುಕೊಳ್ಳಿ. ಮೇಲಿಂದ ಕೆಳಕ್ಕೆ ಕೈಯಲ್ಲಿ ಬರೆದ ಮಾತುಗಳ ಮುಂದೆ ಫೋನಿನ ಅನುವಾದ ಸೋಲುತ್ತದೆ. ಆದ್ದರಿಂದ ಮಾತಿಲ್ಲದ ಕಥೆ, ಪ್ರವಾಸ, ಅಡುಗೆ, ಸಾಕುಪ್ರಾಣಿಗಳ ಕುರಿತ ಕಾಮಿಕ್ಸ್ ಆರಿಸಿಕೊಂಡರೆ ಚಿತ್ರವೇ ಅರ್ಧ ಹೇಳುತ್ತದೆ. ಒಂದು ಗಂಟೆಯ ಮೇಲೆ ಅಲ್ಲೇ ಕೂರಬೇಡಿ. ಕೆಲವರು ತರುವುದೇ 30–50 ಪ್ರತಿ, ಊಟದ ಹೊತ್ತಿಗೆ ಮುಗಿದುಹೋಗುತ್ತವೆ.

ಮೇಜಿನ ಮುಂದೆ ನಿಂತಾಗ ‘ಮಿತೆಮೊ ಈ ದೆಸ್ ಕಾ’, ಅಂದರೆ ನೋಡಬಹುದೇ ಎಂದು ಕೇಳಿ, ಹೂಂ ಅಂದಮೇಲೆ ಎತ್ತಿಕೊಳ್ಳಿ. ಎರಡೂ ಕೈಯಲ್ಲಿ ಹಿಡಿಯಿರಿ, ಬೆನ್ನು ಮುರಿಯುವಷ್ಟು ಅಗಲಿಸಬೇಡಿ. ಕೊಳ್ಳಲು ‘ಇಸ್ಸತ್ಸು ಕುದಸಾಯ್’, ಅಂದರೆ ಒಂದು ಪ್ರತಿ ಕೊಡಿ ಎಂದರೆ ಸಾಕು. ಬೇಡವೆನಿಸಿದರೆ ತಲೆಬಾಗಿ ಮೊದಲಿದ್ದಂತೆ ಇಟ್ಟು ಬಂದರೆ ಯಾರೂ ಬೇಸರಿಸುವುದಿಲ್ಲ. ಪುಟಗಳ ಫೋಟೊ ಮಾತ್ರ ಖಂಡಿತ ಬೇಡ. ವಯಸ್ಕರ ಪುಸ್ತಕಗಳಿಗೆ ಗುರುತಿನ ಚೀಟಿ ಕೇಳುತ್ತಾರೆ, ಪಾಸ್‌ಪೋರ್ಟ್ ಜೊತೆಗಿರಲಿ.

ಕೈಗೆ ಬಂದ ಪುಸ್ತಕವನ್ನು ಒಮ್ಮೆ ತಿರುಗಿಸಿ ನೋಡುವುದು ಒಂದು ಸುಖ. ಹೆಚ್ಚಿನವು ಬಿ5 (182×257 ಮಿ.ಮೀ.) ಇಲ್ಲವೇ ಎ5 (148×210 ಮಿ.ಮೀ.) ಅಳತೆಯವು. ತೆಳ್ಳಗಿನವಕ್ಕೆ ನಡುಮಡಿಕೆಯಲ್ಲಿ ಎರಡು ಪಿನ್ನು. ಅವುಗಳ ಪುಟಸಂಖ್ಯೆ ಯಾವಾಗಲೂ ನಾಲ್ಕರಿಂದ ಭಾಗವಾಗುತ್ತದೆ, ಏಕೆಂದರೆ ಮಡಿಸಿದ ಒಂದು ಹಾಳೆಗೆ ನಾಲ್ಕು ಪುಟ. ದಪ್ಪಗಿದ್ದರೆ ಬೆನ್ನಿಗೆ ಅಂಟು. ಹಿಂದಿನ ರಾತ್ರಿ ಜೆರಾಕ್ಸ್ ಹಾಕಿ ತಾವೇ ಪಿನ್ನು ಹೊಡೆದು ತಂದವನ್ನು ‘ಕೊಪಿಬೊನ್’ ಎನ್ನುತ್ತಾರೆ. ಅಗ್ಗ, ಪ್ರತಿ ಕಡಿಮೆ, ಮತ್ತೆ ಅಚ್ಚಾಗುವುದು ಅಪರೂಪ. ಎರಡರಲ್ಲಿ ಒಂದಕ್ಕೇ ದುಡ್ಡಿದ್ದರೆ ಕೊಪಿಬೊನ್ ಕೊಳ್ಳಿ, ದಪ್ಪನೆಯದು ಆಮೇಲೂ ಸಿಕ್ಕೀತು. ಕೊನೆಯ ಪುಟದಲ್ಲಿ ಅಚ್ಚಾದ ದಿನಾಂಕ, ಲೇಖಕರ ಕಾವ್ಯನಾಮ, ಮುದ್ರಣಾಲಯ, ಸಂಪರ್ಕ ಇರುತ್ತವೆ. ಮುಂದಿನ ಸಲ ಅವರನ್ನು ಹುಡುಕಲು ಇದೇ ಆಧಾರ.

ಪುಸ್ತಕಗಳು ಹಾಳಾಗುವುದು ಚೀಲದಲ್ಲಿ. ಬಟ್ಟೆಚೀಲದೊಳಗೆ ಮೂಲೆಗಳು ಮಡಿಯುತ್ತವೆ, ನೀರಿನ ಬಾಟಲಿ ಬೆವತು ಹೊದಿಕೆಗೆ ಅಂಟುತ್ತದೆ. ಎ4 ಅಳತೆಯ ಗಟ್ಟಿ ಪ್ಲಾಸ್ಟಿಕ್ ಫೈಲು ಒಯ್ದರೆ ಬಿ5 ಕೂಡ ಅದರಲ್ಲಿ ಹಿಡಿಯುತ್ತದೆ. 40 ಪುಟದ ಬಿ5 ಪುಸ್ತಕ ಸುಮಾರು 100 ಗ್ರಾಂ ತೂಗುತ್ತದೆ. ಐವತ್ತಾದರೆ 5 ಕೆ.ಜಿ.; ವಿಮಾನದ ಕೈಚೀಲಕ್ಕೆ ಸಾಮಾನ್ಯವಾಗಿ ಸಿಗುವ 7 ಕೆ.ಜಿ.ಯಲ್ಲಿ ಉಳಿಯುವುದು ಎರಡೇ.

ತಪ್ಪಿಹೋದ ಪುಸ್ತಕಗಳಿಗೆ ಮರುದಿನ ಟೋಕಿಯೊದಲ್ಲೇ ಇರುವ ಅಕಿಹಬರದ ಕಾಮಿಕ್ ಜಿನ್ ಅಂಗಡಿಗೆ ಹೋಗಿ. ಇಂಥ ಸ್ವತಂತ್ರ ಪುಸ್ತಕಗಳನ್ನು ಲೇಖಕರಿಂದ ಪಡೆದು ಮಾರುವ ಜಾಗ ಅದು. ಬೆಲೆ ಸಂತೆಗಿಂತ ಸ್ವಲ್ಪ ಹೆಚ್ಚು, ಅಂಗಡಿಯ ಪಾಲು ಸೇರುವುದರಿಂದ. ಕೊಪಿಬೊನ್ ಮಾತ್ರ ಅಲ್ಲಿ ಸಿಗುವುದು ಕಡಿಮೆ.