ಒಂಬತ್ತು ಪಿನ್ ಆಯ್ತು, ಇನ್ನೊಂದು ಬಾಕಿ

ಮಗಳ ಹುಟ್ಟುಹಬ್ಬಕ್ಕೆ ಬೌಲಿಂಗ್ ಪಿನ್ ಸೆಟ್, ಅಂದ್ರೆ ಚೆಂಡು ಉರುಳಿಸಿ ಬೀಳಿಸೋ ಹತ್ತು ಮರದ ಪಿನ್, ನಾನೇ ಮಾಡ್ತಿದೀನಿ. ಮರ ಸಿಲ್ವರ್ ಓಕ್, ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿಂದ ತಂದದ್ದು. ಮರ ತಿರುಗಿಸಿ ಕಡೆಯೋ ಯಂತ್ರ, ಲೇತ್, ಪಕ್ಕದ ಬೀದಿಯ ಚನ್ನಪಟ್ಟಣದ ಅಜ್ಜನದು.

ಅಸಲಿ ಪಿನ್ 15 ಇಂಚು ಎತ್ತರ, ತೂಕ ಒಂದೂವರೆ ಕಿಲೋಗೂ ಮೇಲೆ. ಒಂದೇ ದಿಮ್ಮಿಯಲ್ಲಿ ಕಡೆಯೋದಿಲ್ಲ. ಮೇಪಲ್ ಮರದ ತುಂಡುಗಳನ್ನ ಅಂಟಿಸಿ, ಕಡೆದು, ಮೇಲೆ ಪ್ಲಾಸ್ಟಿಕ್ ಹೊದಿಸ್ತಾರೆ. ನಮ್ಮದು 8 ಇಂಚಷ್ಟೇ.

ಕಷ್ಟ ಇರೋದೆಲ್ಲ ಕತ್ತಿನಲ್ಲಿ. ಹೊಟ್ಟೆಯಿಂದ ಕತ್ತಿಗೆ ಇಳಿಯೋ ಆ ಬಾಗು ಒಂದೇ ಉಸಿರಿಗೆ ಬರಬೇಕು. ನಿನ್ನೆ ಉಳಿ ಸ್ವಲ್ಪ ಆಳಕ್ಕೆ ಹೋಗಿ, ಮುಗಿಯುತ್ತಾ ಬಂದ ಪಿನ್ ಸೀಳಿಹೋಯ್ತು. ಅಜ್ಜ ಬೈಯಲಿಲ್ಲ. "ಮರದ ಎಳೆ ನೋಡಿ ಕೈ ಇಡಪ್ಪ" ಅಂದ್ರು, ಅಷ್ಟೇ.

ಆಮೇಲೆ ತಿರುಗ್ತಿರೋ ಪಿನ್ನಿಗೆ ಕೆಂಪು ಅರಗಿನ ಕಡ್ಡಿ ಒತ್ತಿದ್ರು. ಉಜ್ಜಿದ ಬಿಸಿಗೇ ಅರಗು ಕರಗಿ ಕತ್ತಿಗೆ ಉಂಗುರದ ಹಾಗೆ ಕೂತಿತು. ಕೇದಗೆ ಗರಿ ಹಿಡಿದಾಗ ಬಂದ ಹೊಳಪು ನೋಡ್ತಾ ನಿಂತುಬಿಟ್ಟೆ. ಎಷ್ಟು ವರ್ಷದ ಅಭ್ಯಾಸ ಆ ಬೆರಳುಗಳಲ್ಲಿ!

ಒಂದು ಪಿನ್ನಿನ ನಡುಬಿಂದುವಿಂದ ಪಕ್ಕದ ಪಿನ್ನಿನ ನಡುಬಿಂದುವಿಗೆ ನಿಯಮದ ಪ್ರಕಾರ 12 ಇಂಚು. ನಮ್ಮ ಅಳತೆಗೆ ಆರೂವರೆ ಸಾಕು. ತಾರಸಿಯಲ್ಲಿ ಸೀಮೆಸುಣ್ಣದಿಂದ ಹತ್ತು ಚುಕ್ಕಿ ಇಟ್ಟಿದೀನಿ, ರಂಗೋಲಿಗೆ ಇಡೋ ಹಾಗೆ. ಮಗಳು ಈಗಲೇ ಒಂಬತ್ತನ್ನ ನಿಲ್ಲಿಸಿ, ಹಿಂದಿನ ಮೂಲೆ ಖಾಲಿ ಬಿಟ್ಟು ಕಾಯ್ತಿದಾಳೆ.